ಕೆನ್ನೆಯ ಮೇಲೆ ಮೂಡಿದ ಗಿಳಿ

ಎಚ್ಚರವಾದಾಗ ಪ್ರಮೀಳಾಳ ಎಡಗೈ ಅವಳದಾಗಿರಲಿಲ್ಲ. ಮೇಜಿನ ಮೇಲೆ ತಲೆಗೆ ಆನಿಸಿಕೊಂಡಿದ್ದ ತೋಳು ಜೋಮು ಹಿಡಿದು, ಯಾರೋ ಬಸ್ಸಿನಲ್ಲಿ ಮರೆತು ಹೋದ ಸಾಮಾನಿನ ಹಾಗೆ ಬಿದ್ದಿತ್ತು. ಬಲಗೈಯಿಂದ ಅದನ್ನು ಎತ್ತಿ ಮಡಿಲಿಗೆ ಹಾಕಿಕೊಂಡಳು.

ಸಬ್ ಇನ್ಸ್‌ಪೆಕ್ಟರ್ ಆದವಳು ಹಾಡಹಗಲು ಠಾಣೆಯಲ್ಲಿ ನಿದ್ದೆ ಹೊಡೆಯಬಾರದು. ಕೊಲೆ ಕೇಸಿನ ಸಾಕ್ಷ್ಯವನ್ನು ತೋಳಿನ ಕೆಳಗೆ ಇಟ್ಟುಕೊಂಡು ನಿದ್ದೆ ಹೊಡೆಯುವುದಂತೂ ಸಲ್ಲದು. ಆದರೆ ಪಂಚರು ಬಂದು ಸಹಿ ಹಾಕಿದ ಮೇಲೆ ಪ್ಯಾಕ್ ಮಾಡಿದರಾಯಿತು ಅಂತ ಹೆಡ್ ಕಾನ್‌ಸ್ಟೇಬಲ್ ನಂಜಣ್ಣ ದಿಂಬಿನ ಕವರನ್ನು ಮೇಜಿನ ಮೇಲೇ ಬಿಟ್ಟು ಟೀ ತರಲು ಹೋಗಿದ್ದ. ನಾಲ್ಕು ರಾತ್ರಿಯಿಂದ ರೆಪ್ಪೆ ಅಂಟಿಸದವಳ ತಲೆ ಆ ಕವರಿನ ಮೇಲೇ ವಾಲಿಬಿಟ್ಟಿತ್ತು.

ತೋಳು ತಿಕ್ಕಿಕೊಳ್ಳಲು ಹೋದವಳ ಕೈ ಹಾಗೇ ನಿಂತಿತು.

ಮೊಣಕೈ ಕೆಳಗಿನ ಚರ್ಮದ ಮೇಲೆ ಚೌಕ ಚೌಕವಾಗಿ ಕೆಂಪು ಗೆರೆ ಎದ್ದಿದ್ದವು. ಅವುಗಳ ನಡುವೆ ಒಂದು ಗಿಳಿ. ಬಾಲ, ರೆಕ್ಕೆ, ಬಾಗಿದ ಕೊಕ್ಕು, ಎಲ್ಲವೂ ಮುದ್ರೆ ಒತ್ತಿದ ಹಾಗೆ ಸ್ಪಷ್ಟ. ಗಿಳಿ ಬಲಕ್ಕೆ ನೋಡುತ್ತಿತ್ತು.

ಮೇಜಿನ ಮೇಲಿದ್ದ ಕವರಿನ ಗಿಳಿ ಎಡಕ್ಕೆ ನೋಡುತ್ತಿತ್ತು.

ಎದೆ ಧಸಕ್ಕೆನ್ನಬೇಕಿತ್ತು. ಎನ್ನಲಿಲ್ಲ. ಲೇಸಜ್ಜಿ ಸತ್ತ ದಿನದಿಂದ ಪ್ರಮೀಳಾಳಿಗೆ ಯಾವುದೂ ನಾಟುತ್ತಿರಲಿಲ್ಲ. ತೋಳಿಗೆ ಹಿಡಿದ ಜೋಮು ಈಗಷ್ಟೇ ಹಿಡಿದದ್ದು, ಮನಸ್ಸಿಗೆ ಹಿಡಿದದ್ದು ಶನಿವಾರದಿಂದಲೂ ಇತ್ತು.

ಶನಿವಾರ ಬೆಳಿಗ್ಗೆ ಪುಟ್ಟಮಲ್ಲಮ್ಮ ತನ್ನ ಮಂಚದ ಮೇಲೆ ಸತ್ತು ಬಿದ್ದಿದ್ದಳು. ಹುಣಸೂರಿನ ಮರದ ಡಿಪೋ ಹಿಂದಿನ ಓಣಿಯಲ್ಲಿ ಆಕೆಗೆ ಲೇಸಜ್ಜಿ ಎಂದೇ ಹೆಸರು. ಪಡಸಾಲೆಯಲ್ಲಿ ಚಾಪೆ ಹಾಸಿ ಊರಿನ ಅರ್ಧ ಹೆಣ್ಣುಮಕ್ಕಳಿಗೆ ಕ್ರೋಶಾ ಲೇಸು ಕಲಿಸಿದವಳು. ವಯಸ್ಸಾಗಿತ್ತು, ಹೋದಳು ಅಂತ ಓಣಿಯವರು ವಿಭೂತಿ ಹಚ್ಚಿ ಕೂರಿಸಲು ಹೊರಟಿದ್ದರು. ತಡೆದವಳು ಪ್ರಮೀಳಾ. ಅಜ್ಜಿಯ ಕೆನ್ನೆಯ ಮೇಲೆ ಲೇಸಿನ ಅಚ್ಚಿತ್ತು. ತಲೆಯ ಕೆಳಗಿದ್ದ ದಿಂಬಿಗೋ ಬರೀ ಸಾದಾ ಬಟ್ಟೆ. ದಿಂಬು ಒತ್ತಿ ಉಸಿರು ಕಟ್ಟಿಸಿದ್ದಾರೆ ಅಂತ ಆಸ್ಪತ್ರೆಯವರೂ ಹೇಳಿದರು.

ಅಚ್ಚಿನಲ್ಲಿ ಎಡಕ್ಕೆ ನೋಡುವ ಗಿಳಿ. ಫೋಟೋ ಫೈಲಿನಲ್ಲೇ ಇದೆ.

ಗಿಳಿಯ ಕವರುಗಳನ್ನು ಲೇಸಜ್ಜಿ ಹಾಕಿದ್ದು ಒಂದೇ ಜೋಡಿ. ದಾರದಲ್ಲಿ ಸಣ್ಣ ಸಣ್ಣ ಚೌಕದ ಮನೆ ಹಾಕುತ್ತ ಹೋಗುವುದು, ಕೆಲವನ್ನು ತುಂಬುವುದು, ಕೆಲವನ್ನು ಖಾಲಿ ಬಿಡುವುದು, ತುಂಬಿದ ಮನೆಗಳೆಲ್ಲ ಸೇರಿ ಚಿತ್ರವಾಗುವುದು, ಇದು ಆ ಲೇಸಿನ ವಿದ್ಯೆ. ಅದಕ್ಕೆ ಒಳಮೈ ಹೊರಮೈ ಎಂಬುದಿಲ್ಲ. ಒಂದೇ ಗಿಳಿಯನ್ನು ಎರಡು ಸಲ ಹಾಕಿ, ಒಂದನ್ನು ಮಗುಚಿ ಬಟ್ಟೆಗೆ ಹೊಲಿದುಬಿಟ್ಟರೆ ಗಂಡ ಹೆಂಡತಿಯ ದಿಂಬಿಗೆ ಮುಖಾಮುಖಿ ನೋಡುವ ಜೋಡಿ ತಯಾರು. ಬಟ್ಟೆಗೆ ಹೊಲಿದ ಮೇಲೆ ಮಾತ್ರ ಗಿಳಿ ದಿಕ್ಕು ಬದಲಿಸುವ ಹಾಗಿಲ್ಲ.

ಆ ಜೋಡಿಯನ್ನು ಅಜ್ಜಿ ಒಡೆದು ಹಂಚಿದ್ದಳು. ಮೆಚ್ಚಿನ ಶಿಷ್ಯೆಯರು ಇಬ್ಬರು, ಒಬ್ಬಳಿಗೆ ಕೊಟ್ಟರೆ ಇನ್ನೊಬ್ಬಳು ಮುಖ ಊದಿಸಿಕೊಂಡು ಓಡಾಡುತ್ತಾಳೆ. ಎಡಕ್ಕೆ ನೋಡುವುದು ಮೆಹನಾಜ್‌ಗೆ. ಬಲಕ್ಕೆ ನೋಡುವುದು ಪ್ರಮೀಳಾಳಿಗೆ.

ಹಾಗಾಗಿ ಕೇಸು ಸಲೀಸಾಗಿತ್ತು. ಕೆನ್ನೆಯ ಗಿಳಿ ಎಡಕ್ಕೆ, ಮೆಹನಾಜ್‌ಳ ಗಿಳಿ ಎಡಕ್ಕೆ. ಶುಕ್ರವಾರ ಸಂಜೆ ಆ ಮನೆಯಿಂದ ಹೊರಬಂದದ್ದನ್ನು ಓಣಿಯವರು ಕಂಡದ್ದು ಮೆಹನಾಜ್‌ಳನ್ನೇ. ಅಜ್ಜಿಯ ಹಳೇ ಮಾದರಿ ಲೇಸುಗಳ ಪೆಟ್ಟಿಗೆ ನಾಪತ್ತೆ, ಆ ಪೆಟ್ಟಿಗೆ ತನಗೆ ಕೊಡಿ ಅಂತ ಮೆಹನಾಜ್ ಗೋಗರೆಯುತ್ತಿದ್ದದ್ದು ಊರಿಗೆಲ್ಲ ಗೊತ್ತು. ನಿನ್ನೆ ಮಧ್ಯಾಹ್ನ ಪ್ರಮೀಳಾ ತನ್ನ ಬಾಲ್ಯದ ಗೆಳತಿಯನ್ನೂ ಅವಳ ಮನೆಯಲ್ಲಿದ್ದ ಈ ಕವರನ್ನೂ ತಾನೇ ಹೋಗಿ ಹಿಡಿದು ತಂದಿದ್ದಳು. ತನ್ನ ಹತ್ತಿರವೂ ಜೋಡಿಯ ಇನ್ನೊಂದು ಇದೆ, ಆದರೆ ಅದರ ಮುಖ ಆ ಕಡೆ, ಅಂತ ಸರ್ಕಲ್ ಸಾಹೇಬರಿಗೆ ಮೊದಲೇ ತಿಳಿಸಿದ್ದಳು. ಅಷ್ಟು ಪ್ರಾಮಾಣಿಕಳು.

ಪ್ರಾಮಾಣಿಕಳು ಸರಿ, ಜಾಣೆಯೇ ಎಂಬುದು ಬೇರೆ ಪ್ರಶ್ನೆ. ಮೇಜಿನ ತುದಿಯಲ್ಲಿ ಠಾಣೆಯ ಮೊಹರು ಕೂತಿತ್ತು. ಅದರ ರಬ್ಬರಿನಲ್ಲಿ ಅಕ್ಷರಗಳೆಲ್ಲ ತಿರುಗುಮುರುಗು. ದಿನ ಬೆಳಗಾದರೆ ಒತ್ತುವ ಕೈ ಇದು. ಆದರೂ ಕೆನ್ನೆಯ ಮೇಲಿನ ಅಚ್ಚನ್ನು ಎಲ್ಲರೂ ಗೋಡೆಯ ಮೇಲಿನ ಚಿತ್ರ ನೋಡಿದ ಹಾಗೆ ನೋಡಿದ್ದರು.

ನಂಜಣ್ಣ ಟೀ ಹಿಡಿದು ಬಂದ.

"ನಂಜಣ್ಣ, ಕೈ ಕೊಡಿ ಇಲ್ಲಿ."

"ಯಾಕ್ ಮೇಡಂ? ಅಚ್ಚೆ ಆಕ್ತೀರಾ?"

ಅವಳು ನಗಲಿಲ್ಲ. ಅವನ ತೋಳಿನ ಮೇಲೆ ಕವರಿನ ಲೇಸು ಹಾಸಿ, ಮೇಲೆ ಕಾಗದ ಹಾರದಂತೆ ಇಡುವ ಗಾಜಿನ ಗುಂಡು ಇಟ್ಟು, ತನ್ನ ಭಾರವನ್ನೆಲ್ಲ ಬಿಟ್ಟು ಒತ್ತಿದಳು. ನಂಜಣ್ಣ ಹಲ್ಲು ಕಚ್ಚಿಕೊಂಡು ಸೂರು ನೋಡಿದ. ಲೇಸು ತೆಗೆದಾಗ ಅವನೇ ಮೊದಲು ಬಗ್ಗಿದ.

"ಗಿಳಿ ಅತ್ಲಾಗೆ ತಿರೀಕಬುಟ್ಟದಲ್ಲ ಮೇಡಂ!"

"ಹೂಂ."

"ಅಂಗಾರೆ ಅಜ್ಜಿ ಕೆನ್ನೆ ಮೇಲಿದ್ದಿದ್ದು..." ನಂಜಣ್ಣ ಬೆರಳು ಗಾಳಿಯಲ್ಲಿ ಆ ಕಡೆ ಈ ಕಡೆ ಆಡಿಸಿ ಲೆಕ್ಕ ಹಾಕಿದ. ಜೋಡಿಯ ಇನ್ನೊಂದು ಕವರು ಯಾರ ಮನೆಯಲ್ಲಿದೆ ಎನ್ನುವುದು ಅವನಿಗೂ ಗೊತ್ತಿತ್ತು. ಟೀ ಲೋಟವನ್ನು ಅವಳ ಮುಂದಿಟ್ಟು, ಕೈ ಕಟ್ಟಿ ನಿಂತುಕೊಂಡ.

"ಯಾರಿಗೂ ಹೇಳಬೇಡಿ. ಈಗಲೇ ಬೇಡ."

"ನಾನ್ಯಾಕೆ ಹೇಳ್ಳಿ. ಆದ್ರೆ ಸಾಹೇಬ್ರು ಆಗ್ಲೇ ಫೋನ್ ಮಾಡಿದ್ರು. ಊಟದೊತ್ಗೆ ಆ ವಮ್ಮನ್ನ ಕೋರ್ಟಿಗೆ ಕರ್ಕಂಡೋಗ್ಬೇಕಂತೆ. ಅಲ್ಲಿಂದ ಸೀದಾ ಮೈಸೂರು ಜೈಲೇ."

ಪ್ರಮೀಳಾ ಟೀ ಕುಡಿದಳು. ಸಕ್ಕರೆ ಹಾಕಿದ್ದಾನೋ ಇಲ್ಲವೋ ನಾಲಗೆಗೆ ತಿಳಿಯಲಿಲ್ಲ.

*

ಮೆಹನಾಜ್ ಒಳಗಿನ ಕೋಣೆಯ ಬೆಂಚಿನ ಮೇಲೆ ಕಾಲು ಮಡಚಿ ಕೂತಿದ್ದಳು. ಕಿಟಕಿಯ ಹೊರಗೆ, ಹುಣಸೆ ಮರದ ಕೆಳಗಿನ ಕಲ್ಲಿನ ಮೇಲೆ ಅವಳ ತಾಯಿ ಖತೀಜಾಬಿ ಟಿಫಿನ್ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಬೆಳಗಿನಿಂದ ಕಾಯುತ್ತಿದ್ದಳು. ಮಗಳು ತಿನ್ನಲೊಲ್ಲೆ ಎಂದಿದ್ದಳು. ತಾಯಿ ಮನೆಗೆ ಹೋಗಲೊಲ್ಲೆ ಎಂದಿದ್ದಳು.

ಪ್ರಮೀಳಾ ಕುರ್ಚಿ ಎಳೆದುಕೊಂಡು ಕೂತಳು.

"ನಿನ್ನೆ ನೀನೊಂದು ಮಾತು ಹೇಳಿದೆ. ಮತ್ತೆ ಹೇಳು."

"ನಿನ್ನೆ ಹೇಳಿದ್ದೆಲ್ಲ ಸುಳ್ಳು ಅಂತ ನೀನೇ ಬರ್ಕಂಡ್ಯಲ್ಲ."

"ಮೆಹನಾಜ್."

"ಏನ್ ಪ್ರಮೀ? ಇನ್ನೇನ್ ಬೇಕು ನಿಂಗೆ?" ಅವಳ ಕಣ್ಣು ಅತ್ತು ಅತ್ತು ಬತ್ತಿದ್ದವು. "ನಮ್ಮಮ್ಮ ಅಲ್ಲಿ ಬಿಸ್ಲಲ್ಲಿ ಕೂತವ್ಳೆ, ಅದ್ನಾದ್ರೂ ನೋಡು. ನಿಂಗೆ ಎಷ್ಟ್ ಸಲ ಉಣ್ಣಕಿಕ್ಕವ್ಳೆ ನಮ್ಮಮ್ಮ?"

ಪ್ರಮೀಳಾಳಿಗೆ ನಾಚಿಕೆಯಾಯಿತು. ನಾಲ್ಕು ದಿನದಲ್ಲಿ ಅವಳಿಗೆ ಆದ ಮೊದಲ ಭಾವನೆ ಅದು, ಅದೂ ಬಂದಷ್ಟೇ ಬೇಗ ಎಲ್ಲೋ ಇಂಗಿಹೋಯಿತು.

"ಶುಕ್ರವಾರ ಅಜ್ಜಿ ಕೈಲಿ ಏನಿತ್ತು?"

"ಹೇಳಿದ್ನಲ್ಲ. ನಿನ್ನ ಗಿಳಿ ಕವರಿತ್ತು. ಮೂಲೆ ಹರಿದಿತ್ತು, ಇಲಿ ಕಡಿದಂಗೆ. ಅಜ್ಜಿ ಅದ್ನ ದಿಂಬಿಗೆ ತೊಡಿಸ್ಕಂಡು, ಸುತ್ತ ಗುಂಡುಸೂಜಿ ಚುಚ್ಚಿ ಎಳ್ದು ಕೂರಿಸ್ಕಂಡು ರಿಪೇರಿ ಮಾಡ್ತಿದ್ರು. ಯಾವಾಗ್ಲೂ ಅಂಗೇ ಅಲ್ವ ಅವ್ರು ಮಾಡ್ತಿದ್ದಿದ್ದು?"

ಹೌದು. ಹರಿದ ಲೇಸನ್ನು ಅಜ್ಜಿ ಕೈಯಲ್ಲಿ ಹಿಡಿದು ಹೊಲಿದವಳಲ್ಲ. ದಿಂಬಿನ ಮೇಲೆ ಬಿಗಿಯಾಗಿ ಹಾಸಿಕೊಳ್ಳದಿದ್ದರೆ ಹೊಸ ಮನೆ ಹಳೇ ಮನೆಯ ಅಳತೆಗೆ ಬರುವುದಿಲ್ಲ, ಒಂದು ಕಡೆ ಸುಕ್ಕು ಬೀಳುತ್ತದೆ. ಹಾಗಾದರೆ ಕೊಂದವನಿಗೆ ದಿಂಬು ಹುಡುಕಿಕೊಂಡು ಹೋಗುವ ಕಷ್ಟವೇ ಇರಲಿಲ್ಲ. ಅಜ್ಜಿಯ ಮಡಿಲಿನಲ್ಲೇ ಇತ್ತು.

"ನನ್ನ ಕವರು ನಮ್ಮನೆ ಬೀರುವಿನಲ್ಲಿದೆ," ಎಂದಳು ಪ್ರಮೀಳಾ. ನಿನ್ನೆಯೂ ಇದನ್ನೇ ಹೇಳಿದ್ದಳು. ತನ್ನ ಮೇಲಿನ ಅನುಮಾನವನ್ನು ಗೆಳತಿಯ ಮೇಲೆ ತಿರುಗಿಸಲು ಮೆಹನಾಜ್ ಕಟ್ಟಿದ ಕಥೆ ಅಂತ ಅದನ್ನು ತಳ್ಳಿಹಾಕಿದ್ದಳು.

"ಇದ್ರೆ ಇರ್ಲಿ. ಶುಕ್ರವಾರ ಅಲ್ಲಿತ್ತು. ನಾನು ಎದ್ದು ಬರೋವಾಗ ಅಜ್ಜಿ ಇನ್ನೂ ಶುರು ಮಾಡಿದ್ರು ಅಷ್ಟೆ. ನಿನ್ನ ಹೆಸ್ರೆತ್ತಿ ಬೈದ್ರು ಕಣೆ. ಪೊಲೀಸಮ್ಮ ಆದ್ಮೇಲೆ ಲೇಸು ಇಲಿಗಾಕವ್ಳೆ ಅಂತ."

ಅಜ್ಜಿಯ ಬೈಗುಳ ಇಬ್ಬರಿಗೂ ಕಿವಿಯಲ್ಲಿ ಕೇಳಿಸಿತು. ಮೆಹನಾಜ್ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಆ ಪೆಟ್ಟಿಗೆನ ಇನ್ಯಾರಾದರೂ ಕೇಳ್ತಿದ್ದರಾ?"

"ನಾನಂತೂ ಕೇಳ್ತಿದ್ದೆ, ಸುಳ್ಳೇಳಲ್ಲ. ಹಂಸ, ದ್ರಾಕ್ಷಿ ಗೊಂಚಲು, ಹೂವಿನ ಬುಟ್ಟಿ, ಎಂಥೆಂಥಾ ಮಾದರಿ ಇದ್ವು ಅದ್ರಲ್ಲಿ! ಅಜ್ಜೀರ ಅಜ್ಜಿ ಕಾಲ್ದವು. ಈಗ ಯಾರಿಗ್ ಬತ್ತವೆ? ನನ್ ಕ್ಲಾಸಿನ ಹುಡ್ಗೀರಿಗೆ ತೋರ್ಸೋಣ ಅಂತ. ಕೊಡ್ತೀನಿ ಇರು, ನಾನ್ ಸತ್ಮೇಲೆ ನಿಂದೇ, ಅಂದಿದ್ರು." ತಾನು ಹೇಳಿದ ಮಾತು ತನಗೇ ಉರುಳಾಗುತ್ತದೆ ಅಂತ ಹೊಳೆದು ಮೆಹನಾಜ್ ತುಟಿ ಕಚ್ಚಿಕೊಂಡಳು. "ಇನ್ನೊಂದ್ ಕಡೆಯಿಂದ್ಲೂ ಕೇಳ್ತಾವ್ರೆ ಅಂತಿದ್ರು. ಕೋಟೆ ಕಡೆ ಯಾವ್ದೋ ರೆಸಾರ್ಟಿಗಂತೆ. ರೂಮಲ್ಲಿ ಹಳೇ ಮಂಚ, ಹಳೇ ಲೇಸು ಎಲ್ಲ ಬೇಕಂತೆ ಬಿಳೀ ಜನಕ್ಕೆ. ಅಜ್ಜಿ, ಆಗಕಿಲ್ಲ ಹೋಗು ಅಂದು ಕಳಿಸಿದ್ರು."

"ಯಾರನ್ನ ಕಳಿಸಿದ್ದರು?"

"ಹೆಸ್ರು ಹೇಳ್ಲಿಲ್ಲ. ನಮ್ಮೋರೇ ಕಣೆ ಅಂದ್ರು. ಅಷ್ಟೆ."

ಎಚ್.ಡಿ. ಕೋಟೆಯ ಹಿನ್ನೀರಿನ ರೆಸಾರ್ಟಿಗೆ ಹಳೇ ಮಂಚ, ಹಳೇ ಕುರ್ಚಿ ಪಾಲಿಶ್ ಹೊಡೆದು ಕೊಡುವವರು ಹುಣಸೂರಿನಲ್ಲಿ ಬಹಳ ಜನ ಇರಬಹುದು. ಪ್ರಮೀಳಾಳಿಗೆ ಗೊತ್ತಿದ್ದದ್ದು ಒಬ್ಬರೇ. ಆ ಒಬ್ಬರ ಅಂಗಿಯ ಗುಂಡಿಯನ್ನು ಅವಳು ಇವತ್ತು ಬೆಳಿಗ್ಗೆ ಹೊಲಿದುಕೊಟ್ಟಿದ್ದಳು.

ಅವಳು ಎದ್ದಳು. ಬಾಗಿಲ ಹತ್ತಿರ ನಂಜಣ್ಣನಿಗೆ ಹೇಳಿದಳು, "ನಾನು ಹೇಳುವ ತನಕ ಜೀಪು ಹೊರಡಬಾರದು."

"ಸಾಹೇಬ್ರು ಬೈತಾರೆ ಮೇಡಂ."

"ನನ್ನ ಹೆಸರು ಹೇಳಿ ಬೈಸಿಕೊಳ್ಳಿ."

*

ಮನೆಯ ಹಿತ್ತಿಲಲ್ಲಿ ಅತ್ತೆ ಚಿಕ್ಕಸಿದ್ದಮ್ಮ ನೆನೆಸಿದ ಅವರೆಕಾಳು ಮುಂದಿಟ್ಟುಕೊಂಡು ಹಿತುಕುತ್ತಿದ್ದಳು. ಬೆರಳೊತ್ತಿದರೆ ಕಾಳು ಸಿಪ್ಪೆಯಿಂದ ಟಪ್ಪನೆ ಪಾತ್ರೆಗೆ ಹಾರುತ್ತಿತ್ತು. ಸೊಸೆ ಅಪರೂಪಕ್ಕೆ ಹಗಲು ಹೊತ್ತಿನಲ್ಲಿ ಬಂದದ್ದು ಕಂಡು ಮುಖ ಅರಳಿತು.

"ಬಂದ್ಯಾ ಮಗ? ಈಗ ಉಂಡ್ಬುಟ್ಟೇ ಹೋಗು. ಸಾರು ಒಲೆ ಮೇಲದೆ. ಇದು ಸಂಜೆಗೆ."

ಪ್ರಮೀಳಾ ಉತ್ತರ ಕೊಡದೆ ಕೋಣೆಗೆ ಹೋಗಿ ಬೀರು ತೆಗೆದಳು. ರೇಷ್ಮೆ ಸೀರೆಗಳ ಕೆಳಗೆ, ಮಸ್ಲಿನ್ ಬಟ್ಟೆಯಲ್ಲಿ ಸುತ್ತಿದ ಗಂಟು ಇದ್ದ ಜಾಗದಲ್ಲೇ ಇತ್ತು.

ಮೆಹನಾಜ್ ಸುಳ್ಳು ಹೇಳಿದ್ದಳು. ಪ್ರಮೀಳಾಳಿಗೆ ಒಂದು ಕ್ಷಣ ಎಷ್ಟು ಹಗುರವಾಯಿತೆಂದರೆ ಮಂಚದ ಮೇಲೆ ಕೂತೇಬಿಟ್ಟಳು. ಗೆಳತಿ ಜೈಲಿಗೆ ಹೋದರೂ ಪರವಾಗಿಲ್ಲ, ನನ್ನ ಮನೆ ಉಳಿಯಿತು ಅಂತ ಮನಸ್ಸು ಅಂದುಕೊಂಡಿತು. ಅಂದುಕೊಂಡದ್ದು ಅವಳಿಗೇ ಕೇಳಿಸಿತು.

ಗಂಟು ಬಿಚ್ಚಿದಳು. ಬಲಕ್ಕೆ ನೋಡುವ ಗಿಳಿ. ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿದ್ದರು. ಅವಳು ಮಾಡಿರಲಿಲ್ಲ.

ಬೆರಳು ತಾನಾಗಿಯೇ ಮೂಲೆಗೆ ಹೋಯಿತು. ಹಳೇ ದಾರ ಕೆನೆ ಬಣ್ಣಕ್ಕೆ ತಿರುಗಿತ್ತು. ಮೂಲೆಯಲ್ಲಿ ಮಾತ್ರ ಹೊಸ ಬಿಳಿ ದಾರ. ಅದರಲ್ಲೂ ಎರಡು ಕೈ ಕೆಲಸ ಕಾಣುತ್ತಿತ್ತು. ಮೊದಲಿನ ಕೆಲವು ಮನೆಗಳು ಬಿಗಿಯಾಗಿ, ಒಂದರ ತಲೆಗೆ ಒಂದು ಕೂತಿದ್ದವು. ಅಲ್ಲಿಂದಾಚೆಗೆ ಮನೆಗಳು ಸಡಿಲ, ಸೊಟ್ಟ, ಹೇಗೋ ಮುಗಿದರೆ ಸಾಕು ಎನ್ನುವ ಹಾಗೆ.

"ಅತ್ತೆ," ಅಂತ ಕೂಗಿದಳು.

ಚಿಕ್ಕಸಿದ್ದಮ್ಮ ಕೈ ಒರೆಸಿಕೊಳ್ಳುತ್ತ ಬಂದವಳು ಕವರು ನೋಡಿ ನಾಲಗೆ ಕಚ್ಚಿಕೊಂಡಳು.

"ನೋಡ್ಬುಟ್ಯಾ! ನಿಂಗೆ ಹೇಳ್ಬಾರ್ದು ಅಂತಿದ್ದೆ. ಹಾಳಾದ್ ಇಲಿ ಕಡಿದ್ಬುಟ್ಟಿತ್ತು ಕಣವ್ವ. ನೀನು ಆ ಕವರ್‌ನ ಎಷ್ಟು ಜೋಪಾನ ಮಾಡ್ತಿದ್ದೆ, ಬೇಜಾರ್ ಮಾಡ್ಕತೀಯ ಅಂತ ಮಹೇಶನ ಕೈಲಿ ಲೇಸಜ್ಜಿಗೆ ಕೊಟ್ ಕಳ್ಸಿದ್ದೆ."

"ವಾಪಸ್ ಯಾರು ತಂದರು?"

"ಅವ್ನೇ ತಂದ. ಶುಕ್ರವಾರ ದೀಪ ಹಚ್ಚಿದ್ ಮೇಲೆ. ರಿಪೇರಿ ಅರ್ಧಕ್ಕೇ ನಿಂತಿತ್ತು, ಲೇಸಿನ ಕಡ್ಡಿ ಅಲ್ಲೇ ಸಿಕ್ಕಾಕ್ಕಂಡು ನೇತಾಡ್ತಿತ್ತು. ಅಜ್ಜಿಗೆ ಕಣ್ಣು ಕಾಣಕಿಲ್ವಂತೆ, ನೀನೇ ಮುಗಿಸ್ಕೋ ಅಂದ್ಲಂತೆ. ನಾನೂ ಮದ್ವೆಗ್ ಮುಂಚೆ ವಸಿ ಆಕ್ತಿದ್ನಲ್ಲ, ಎಂಗೋ ಮುಗ್ಸಿ, ಒಗ್ದು ಇಕ್ಕಿದ್ದೆ. ಚೆನ್ನಾಗಿಲ್ವಾ?"

"ಕಡ್ಡಿ ಸಮೇತ ತಂದನಾ?"

"ಹೂಂ ಕಣವ್ವ. ಆ ಕಡ್ಡಿ ಅಡಿಗೆ ಮನೇಲದೆ. ಅಜ್ಜಿ ತಿಥೀಲಿ ಅವ್ರ ಮನೆಯೋರ್ಗೆ ಕೊಟ್ ಬುಡಾನ ಅಂತ."

ಪ್ರಮೀಳಾಳ ಕಣ್ಣ ಮುಂದೆ ಆ ಪಡಸಾಲೆ ಬಂತು. ಹೆಣ್ಣುಮಕ್ಕಳು ಊಟಕ್ಕೆ ಏಳಬೇಕಾದರೂ ಲೇಸಜ್ಜಿ ಬಿಡುತ್ತಿರಲಿಲ್ಲ. ಸಾಲು ಮುಗಿಸಿ, ಕುಣಿಕೆ ಬಿಗಿದು, ಕಡ್ಡಿ ಬಿಡಿಸಿ ಡಬ್ಬಿಗೆ ಹಾಕಿ ಆಮೇಲೆ ಏಳು. ಕಡ್ಡಿ ಸಿಕ್ಕಿಸಿದ ಕೆಲಸವನ್ನು ಇನ್ನೊಬ್ಬರ ಕೈಗೆ ಕೊಡಬಾರದು, ಎಳೆದರೆ ಪೂರ್ತಿ ಬಿಚ್ಚಿಹೋಗುತ್ತದೆ. ಬೆರಳ ಗೆಣ್ಣಿಗೆ ಸ್ಕೇಲಿನಲ್ಲಿ ಹೊಡೆದು ಕಲಿಸಿದ ಪಾಠ ಅದು. ಆ ಅಜ್ಜಿ, ಕಡ್ಡಿ ನೇತಾಡುವ ಕವರನ್ನು ತಾನೇ ಮಡಿಸಿ ಕೊಟ್ಟಳಂತೆ.

ಕೊಟ್ಟಿರಲಿಲ್ಲ. ಅವಳ ಕೈಯಿಂದ ಕಿತ್ತುಕೊಂಡದ್ದು.

ಹೊರಗೆ ಬೈಕು ನಿಂತ ಸದ್ದಾಯಿತು.

"ಮಹೇಶನೂ ಬಂದ," ಅಂತ ಚಿಕ್ಕಸಿದ್ದಮ್ಮ ಸಂಭ್ರಮದಿಂದ ಅಡಿಗೆ ಮನೆಗೆ ಓಡಿದಳು. "ಇಬ್ರೂ ಒಟ್ಗೆ ಉಂಡು ಎಷ್ಟ್ ದಿನ ಆಗಿತ್ತು!"

*

ಗಂಡ ಮಹೇಶ್‌ಕುಮಾರ್ ಕೈಕಾಲು ತೊಳೆದು, ಹಣೆಗೆ ವಿಭೂತಿ ಇಟ್ಟುಕೊಂಡು ತಟ್ಟೆಯ ಮುಂದೆ ಕೂತ. ಬಟ್ಟೆಯಿಂದ ಪಾಲಿಶ್ ವಾಸನೆ ಬರುತ್ತಿತ್ತು. ಜೋರು ದನಿಯಲ್ಲಿ ಮಾತಾಡಿದವನಲ್ಲ, ಕುಡಿದವನಲ್ಲ, ಹೆಂಡತಿ ಯೂನಿಫಾರ್ಮು ಹಾಕಿಕೊಂಡು ತಿರುಗುವುದನ್ನು ಆಡಿಕೊಂಡವರ ಬಾಯಿ ಮುಚ್ಚಿಸಿದವನು. ಚಿಕ್ಕಸಿದ್ದಮ್ಮ ಇಕ್ಕಿದ ಬಿಸಿ ಮುದ್ದೆಯಿಂದ ಹಬೆ ಏಳುತ್ತಿತ್ತು.

ಪ್ರಮೀಳಾ ಅವನೆದುರು ನೆಲದ ಮೇಲೆ ಕೂತು, ಇಬ್ಬರ ನಡುವೆ ಕವರನ್ನು ಹಾಸಿದಳು.

ಅವನು ಅದನ್ನು ನೋಡಿದ. ಮುದ್ದೆ ಮುರಿದ.

"ನೀನು ಉಣ್ಣಲ್ವಾ?"

"ಶುಕ್ರವಾರ ಸಂಜೆ ಅಜ್ಜಿ ಮನೆಗೆ ಹೋಗಿದ್ದೆಯಾ?"

"ಹೋಗಿದ್ದೆ. ಅಮ್ಮ ಕೊಟ್ಟ ಕವರು ಈಸ್ಕಂಡು ಬಂದೆ."

"ನಾಲ್ಕು ದಿನದಿಂದ ಆ ಓಣಿಯ ಮನೆ ಮನೆ ಬಾಗಿಲು ಬಡಿದು ಕೇಳ್ತಿದ್ದೀನಿ, ಅವತ್ತು ಯಾರು ಬಂದಿದ್ದರು ಅಂತ. ದಿನಾ ಇದೇ ಮನೇಲಿ ಮಲಗಿ ಏಳ್ತೀಯ. ಹೇಳಲಿಲ್ಲ ಯಾಕೆ?"

"ನೀನು ನನ್ನ ಕೇಳ್ಲಿಲ್ಲ."

"ಓಣಿಯವರು ಯಾರೂ ನಿನ್ನ ನೋಡಿಲ್ಲ."

"ಹಿತ್ಲು ಕಡೆಯಿಂದ ಹೋಗಿದ್ದೆ. ಡಿಪೋಗೆ ಅದೇ ಹತ್ರ."

ಒಂದೊಂದಕ್ಕೂ ಉತ್ತರ ಇತ್ತು. ತಡವರಿಸಲಿಲ್ಲ, ಸಿಡಿಮಿಡಿಗೊಳ್ಳಲಿಲ್ಲ. ವರ್ಷಗಟ್ಟಲೆ ಕಳ್ಳರನ್ನು, ಕುಡುಕರನ್ನು ಎದುರು ಕೂರಿಸಿಕೊಂಡು ಬಾಯಿ ಬಿಡಿಸಿದವಳಿಗೆ ಗೊತ್ತಿತ್ತು. ತಪ್ಪು ಮಾಡದವನು ಇಷ್ಟು ಹೊತ್ತಿಗೆ ರೇಗುತ್ತಾನೆ.

"ಮೆಹನಾಜ್‌ನ ಹಿಡಿದು ತಂದದ್ದು ನಿನಗೆ ಗೊತ್ತಿತ್ತು."

"ಗೊತ್ತಿತ್ತು."

"ಆ ಹುಡುಗಿ ನಮ್ಮ ಮದುವೆಯಲ್ಲಿ ನನಗೆ ಮೆಹಂದಿ ಹಾಕಿದವಳು."

ಅವನು ಮುದ್ದೆಯ ತುತ್ತನ್ನು ಸಾರಿನಲ್ಲಿ ಅದ್ದಿ ನುಂಗಿದ.

"ಪೆಟ್ಟಿಗೆ ಎಲ್ಲಿದೆ?"

"ಯಾವ ಪೆಟ್ಟಿಗೆ?"

"ಶನಿವಾರ ಬೆಳಿಗ್ಗೆ ನಾನು ಅಜ್ಜಿಯ ಹೆಣದ ಮುಂದೆ ನಿಂತಿದ್ದಾಗ ನೀನು ಕೋಟೆಗೆ ಗಾಡಿ ಹೊಡೆದುಕೊಂಡು ಹೋಗಿದ್ದೆ. ಮಂಚ ಇಳಿಸಬೇಕು ಅಂದೆ. ಮಂಚದ ಜೊತೆ ಇನ್ನೇನು ಇಳಿಸಿದೆ?"

ಅಡಿಗೆ ಮನೆಯಲ್ಲಿ ಪಾತ್ರೆಯ ಸದ್ದು ನಿಂತುಹೋಯಿತು.

"ಅಜ್ಜಿ ಕೊಡಲ್ಲ ಅಂದಳು. ಅಲ್ವಾ? ಮೆಹನಾಜ್‌ಗೆ ಕೊಡ್ತೀನಿ ಅಂತ ಮಾತು ಕೊಟ್ಟಿದ್ದೀನಿ ಅಂದಳು. ನೀನು ರೆಸಾರ್ಟಿನವರಿಗೆ ಆಗಲೇ ಮಾತು ಕೊಟ್ಟಿದ್ದೆ." ಪ್ರಮೀಳಾಳ ದನಿ ಠಾಣೆಯಲ್ಲಿ ಹೇಳಿಕೆ ಓದಿ ಹೇಳುವ ದನಿಯಂತೆಯೇ ಇತ್ತು. ಅಳಬೇಕಿತ್ತು, ಕವರನ್ನು ಅವನ ಮುಖಕ್ಕೆ ಎಸೆಯಬೇಕಿತ್ತು. ಎರಡಕ್ಕೂ ಕೈ ಏಳಲಿಲ್ಲ. ತನ್ನ ಸಂಸಾರ ಮುರಿಯುತ್ತಿರುವುದನ್ನು ಅವಳು ಪಕ್ಕದ ಮನೆಯ ಜಗಳ ನೋಡಿದ ಹಾಗೆ ನೋಡುತ್ತಿದ್ದಳು. "ಕೆನ್ನೆಯ ಮೇಲೆ ಅಚ್ಚು ಬಿದ್ದಿರುತ್ತೆ ಅಂತ ನಿನಗೆ ಗೊತ್ತಿರಲಿಲ್ಲ. ಅದು ನಮ್ಮನೆ ಕವರು, ಅಲ್ಲಿ ಬಿಟ್ಟರೆ ನಮ್ಮನೆಗೇ ದಾರಿ ತೋರಿಸುತ್ತೆ ಅನ್ನೋದು ಮಾತ್ರ ಗೊತ್ತಿತ್ತು. ಗುಂಡುಸೂಜಿ ಕಿತ್ತು, ಕವರು ಬಿಚ್ಚಿಕೊಂಡು ಬಂದೆ. ಕಡ್ಡಿ ಬಿಡಿಸೋದು ಮಾತ್ರ ನಿನಗೆ ಬರಲಿಲ್ಲ."

ಮಹೇಶ್‌ಕುಮಾರ್ ಮೊದಲ ಸಲ ತಲೆ ಎತ್ತಿ ಅವಳ ಕಣ್ಣನ್ನು ನೋಡಿದ. ಹತ್ತು ವರ್ಷದಿಂದ ಪರಿಚಯವಿದ್ದ ಕಣ್ಣು. ಅದರಲ್ಲಿ ಭಯ ಇರಲಿಲ್ಲ, ಪಶ್ಚಾತ್ತಾಪವೂ ಇರಲಿಲ್ಲ. ತುಂಬಾ ಸುಸ್ತಾಗಿದ್ದವನ ಕಣ್ಣು.

"ಜೀಪು ಹೋದ್ರೆ ಎಲ್ಲ ಮುಗೀತದೆ ಪ್ರಮೀಳಾ," ಎಂದ ಮೆಲ್ಲಗೆ. "ನೀನು ಇಲ್ಲಿಗೆ ಬರ್ಲೇ ಇಲ್ಲ ಅನ್ಕೋ. ಬೀರು ತೆಗೀಲೇ ಇಲ್ಲ ಅನ್ಕೋ."

ಅವಳ ಫೋನು ಹೊಡೆದುಕೊಂಡಿತು. ಸರ್ಕಲ್ ಸಾಹೇಬರು.

"ಏನಮ್ಮಾ ಪ್ರಮೀಳಾ, ಜೀಪು ಇನ್ನೂ ಕಾಂಪೌಂಡಲ್ಲೇ ಇದೆಯಂತೆ? ನಂಜಣ್ಣ ಏನೇನೋ ತೊದಲ್ತಾನೆ. ನಿನ್ನೆ ಹಿಡಿದಿರೋದು, ಈಗ ಕೋರ್ಟಿಗೆ ನಿಲ್ಲಿಸದಿದ್ದರೆ ನಾಳೆ ನಾನೇ ಕೈ ಕಟ್ಟಿ ನಿಲ್ಲಬೇಕಾಗುತ್ತೆ."

ಪ್ರಮೀಳಾ ಗಂಡನನ್ನೇ ನೋಡುತ್ತಿದ್ದಳು. ಅವನು ತಲೆಯನ್ನು ಸಣ್ಣಗೆ ಆಡಿಸಿದ. ಬೇಡ ಅಂತಲೋ, ನಿನ್ನಿಷ್ಟ ಅಂತಲೋ ತಿಳಿಯಲಿಲ್ಲ.

ಮರದ ಕೆಳಗೆ ಕೂತ ಖತೀಜಾಬಿ ಜೀಪಿನ ಹಿಂದೆ ಓಡುವುದನ್ನು ಅವಳು ಕಲ್ಪಿಸಿಕೊಂಡಳು. ಓಡಲು ಆಗದ ಕಾಲು ಆ ಮುದುಕಿಯದು. ಆಗ ನೋವಾಯಿತು. ಎದೆಯ ಒಳಗೆ, ನಿಜವಾದ ನೋವು. ಅವಳು ಅದನ್ನು ಕೈಬಿಡದೆ ಗಟ್ಟಿಯಾಗಿ ಹಿಡಿದುಕೊಂಡಳು.

"ಜೀಪು ಹೊರಡೋದು ಬೇಡ ಸರ್. ಮೆಹನಾಜ್ ಅಲ್ಲ."

"ಏನು?"

"ನಾವು ಗಿಳೀನ ತಪ್ಪು ಓದಿದ್ವಿ ಸರ್. ಕೆನ್ನೆ ಮೇಲಿರೋದು ಅಚ್ಚು, ಮುಖ ತಿರುಗಿರುತ್ತೆ. ಒತ್ತಿದ ದಿಂಬಿಗೆ ಹಾಕಿದ್ದದ್ದು ಜೋಡಿಯ ಇನ್ನೊಂದು ಕವರು. ನನ್ನದು. ಅದು ನನ್ನ ಮುಂದೇ ಇದೆ."

ಸಾಹೇಬರ ದನಿ ಇಳಿದು ಬಂತು. "ಅಂದರೆ ಯಾರು? ಕೋರ್ಟಿಗೆ ನಾನೊಂದು ಹೆಸರು ಹೇಳಬೇಕಲ್ಲಮ್ಮ."

ಪ್ರಮೀಳಾ ಬಾಯಿ ತೆರೆದಳು.

"ನನ್ ಹೆಸ್ರು ಹೇಳು."

ಚಿಕ್ಕಸಿದ್ದಮ್ಮ ಸಾರಿನ ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಮುಖದಲ್ಲಿ ಒಂದು ಹನಿ ನೀರಿಲ್ಲ. ಸೊಸೆಗೂ ಕೇಳಬೇಕು, ಫೋನಿನ ಆಚೆಯವರಿಗೂ ಕೇಳಬೇಕು ಎನ್ನುವ ಹಾಗೆ ಗಟ್ಟಿ ದನಿಯಲ್ಲಿ ಮತ್ತೆ ಹೇಳಿದಳು.

"ಚಿಕ್ಕಸಿದ್ದಮ್ಮ ಅಂತ ಬರ್ಸವ್ವ. ಹೊಲ್ದೋಳು ನಾನು, ಒಗ್ದೋಳು ನಾನು, ಇಸ್ತ್ರಿ ಮಾಡಿ ಇಕ್ಕಿದೋಳು ನಾನು. ಅಜ್ಜಿ ಮನೆಗೆ ಹೋಗಿದ್ದೂ ನಾನೇ. ಇವ್ನು ಹೋಗೇ ಇಲ್ಲ. ಆಗ್ಲೇ ಹೇಳಿದ್ದು ಸುಳ್ಳು."

"ಅತ್ತೆ, ಸುಮ್ಮನಿರಿ."

"ಯಾಕಿರ್ಲಿ? ದೇವ್ರ ಮುಂದೆ ನಿಲ್ಸು, ಕೋರ್ಟ್ ಮುಂದೆ ನಿಲ್ಸು, ಇದೇ ಹೇಳ್ತೀನಿ."

"ಪ್ರಮೀಳಾ? ಯಾರದು ಮಾತಾಡ್ತಿರೋದು?" ಅಂತ ಫೋನಿನಲ್ಲಿ ಸಾಹೇಬರು ಕೇಳುತ್ತಿದ್ದರು. "ಹೆಸರು ಏನಂದೆ?"

ಪ್ರಮೀಳಾ ಗಂಡನ ಕಡೆ ತಿರುಗಿದಳು. ಅಲ್ಲ ಎನ್ನಲು ಅವನಿಗೆ ಒಂದು ಮಾತು ಸಾಕಿತ್ತು. ಅವಳು ಕಾದಳು. ಬಾಗಿಲಲ್ಲಿ ಅವನ ತಾಯಿಯೂ ಕಾದಳು.

ಮಹೇಶ್‌ಕುಮಾರ್ ಉಳಿದ ಮುದ್ದೆಯನ್ನು ತಟ್ಟೆಯ ಅಂಚಿಗೆ ಎಳೆದುಕೊಂಡ.

"ಇನ್ನೊಂಚೂರು ಸಾರು ಬುಡಮ್ಮ," ಎಂದ.